ಮಹಾನಂದಾಳ ಏಳು ಗುಳಿಗೆ

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಹೊನವಾಡದ ಮಹಾನಂದಾ ವಿಜಯಪುರದ ಒಂದು ಕ್ಲಿನಿಕ್ಕಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನಗುತ್ತಿದ್ದಳು. ಮೂರು ತಿಂಗಳಿಂದ ಯೋನಿಯಲ್ಲಿ ತುರಿಕೆ, ಉರಿ, ಗಟ್ಟಿ ಮೊಸರಿನಂಥ ಬಿಳಿ ಸ್ರಾವ. ಯಾವುದೋ ಕೆಟ್ಟ ರೋಗವೆಂದು ಹೆದರಿ, ದ್ರಾಕ್ಷಿ ತೋಟದ ಕೆಲಸವನ್ನು ಹಲ್ಲು ಕಚ್ಚಿ ಮಾಡಿದ್ದಳು. ಈಗ ಆ ಸ್ರಾವ ಸವರಿದ ಗಾಜಿನ ಪಟ್ಟಿಯ ಮೇಲೆ ಕಂಡದ್ದು ಪುಟ್ಟ ಮೊಗ್ಗುಗಳು ಮತ್ತು ಎಳೆಗಳು.

“ಯಪ್ಪಾ! ಇದು ಬೂಷ್ಟು ಅಲ್ಲೇನ್ರಿ? ನಮ್ಮ ದ್ರಾಕ್ಷಿಗೆ ಬರೋ ಬೂದಿರೋಗದ ಕಾಕಾನೋ ಮಾಮಾನೋ ಇರಬೇಕು!”

“ದೂರದ ಬೀಗರು ಅನ್ರಿ,” ಎಂದರು ಡಾಕ್ಟರ್ ಪ್ರಾಚಿ.

ಅದು ಯೀಸ್ಟ್. ಅನೇಕ ಹೆಂಗಸರ ಮೈಯಲ್ಲಿ ತನ್ನ ಪಾಡಿಗೆ ಇರುತ್ತದೆ. ಮಹಾನಂದಾ ಕೆಮ್ಮಿಗೆಂದು ನುಂಗಿದ ಆಂಟಿಬಯೋಟಿಕ್ ಅದನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾಗಳನ್ನು ಕೊಂದಿರಬೇಕು. ಇನ್ನು ರಾತ್ರಿಗೊಂದರಂತೆ ಏಳು ಗುಳಿಗೆ ಒಳಗೆ ಇಟ್ಟುಕೊಳ್ಳಬೇಕು, ನುಂಗಬಾರದು. ಒಳಗೆ ಸಾಬೂನು ಹಾಕಿ ತೊಳೆಯಬಾರದು.

ಮಹಾನಂದಾ ಬಸ್ಸಿನಲ್ಲಿ ಗುನುಗುತ್ತ ಊರು ಸೇರಿದಳು.

ಐದು ವಾರಕ್ಕೆ ತುರಿಕೆ ಮರಳಿತು. ಈ ಸಲ ಅದೇ ತೊಂದರೆಯೆಂದು ನಿಡೋಣಿಯ ನಾದಿನಿ ದುಂಡವ್ವನೂ ಜೊತೆಗೆ ಬಂದಳು. ಮಹಾನಂದಾಳ ಗಾಜಿನ ಪಟ್ಟಿಯಲ್ಲಿ ಮತ್ತೆ ಯೀಸ್ಟ್. ಸಕ್ಕರೆ ಪರೀಕ್ಷೆ ಸರಿಯಿತ್ತು.

“ಏಳೂ ಗುಳಿಗಿ ಮುಗಿಸಿದ್ರಿಲ್ಲೋ?” ಪ್ರಾಚಿ ಕೇಳಿದರು.

“ಹೂಂ ರೀ,” ಎಂದಳು ಮಹಾನಂದಾ, ನೆಲ ನೋಡುತ್ತ.

ಹಾಗಾದರೆ ಯೀಸ್ಟ್ ಔಷಧಿಗೆ ಬಗ್ಗುತ್ತಿಲ್ಲವೇನೋ, ಎಂದರು ಪ್ರಾಚಿ. ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು. ಆರು ತಿಂಗಳ ಚಿಕಿತ್ಸೆ ಬೇಕಾದೀತು.

ಆಮೇಲೆ ದುಂಡವ್ವನ ಸರದಿ. ಆಮ್ಲ ಅಳೆಯುವ ಕಾಗದ ಬೇರೆ ಬಣ್ಣ ತೋರಿತು, ಪಟ್ಟಿಯಲ್ಲಿ ಯೀಸ್ಟ್ ಇರಲೇ ಇಲ್ಲ. ಇದು ಬ್ಯಾಕ್ಟೀರಿಯಾದ ತೊಂದರೆ, ಔಷಧಿಯೇ ಬೇರೆ.

“ಅದಕ್ಕ ಮತ್ತ!” ಎಂದಳು ದುಂಡವ್ವ, ಅತ್ತಿಗೆಯತ್ತ ಕೈ ತೋರಿಸಿ. “ವೈನಿ ತನ್ನವು ನಾಕು ಗುಳಿಗಿ ಕೊಟ್ಟಿದ್ಲು. ನಾಕೂ ಹಾಕ್ಕೊಂಡೆ, ಏನೂ ಆಗ್ಲಿಲ್ಲ!”

“ಸುಮ್ಮ ಕುಂದ್ರಬೇ!” ಮಹಾನಂದಾ ಚಿವುಟಿದಳು.

ಪ್ರಾಚಿ ಪೆನ್ನು ಕೆಳಗಿಟ್ಟರು. ತಡೆದ ನಗುವಿಗೆ ಅವರ ಭುಜ ಕುಣಿಯುತ್ತಿತ್ತು. “ಹಂಗಾರ ಆರು ತಿಂಗಳದ್ದು ಈಗ ಬ್ಯಾಡ. ಏಳು ದಿನದ್ದು ಪೂರಾ ಮಾಡೋಣು. ಖರೇ ಹೇಳ್ರಿ, ನೀವು ಹಾಕ್ಕೊಂಡದ್ದು ಎಷ್ಟು?”

ತುರಿಕೆ ನಿಂತ ಮೇಲೆ ಉಳಿದ ಗುಳಿಗೆ ಯಾಕೆ ಹಾಳಾಗಬೇಕು ಎಂದುಕೊಂಡಿದ್ದಳು ಮಹಾನಂದಾ. ಈಗ ಸೆರಗು ಬಾಯಿಗೊತ್ತಿದರೂ ನಗು ನಿಲ್ಲಲಿಲ್ಲ. ಹೊರಗೆ ಕೂತಿದ್ದ ಗಂಡ ರಾಮಲಿಂಗನಿಗೂ ಕೇಳುವಂತೆ ಕೂಗಿಬಿಟ್ಟಳು: “ಮೂರ ರೀ, ಮೂರ!”