ಸ್ಪ್ರಿಂಗ್ ಹಗ್ಗ ಮತ್ತು ಬೀರಪ್ಪನ ಕೈ

ಕೊರೊನಾ ಹಾವಳಿ ಮುಗಿದು, ಬಾದಾಮಿಯ ಗುಹೆಗಳಿಗೆ ಪ್ರವಾಸಿಗರು ಮತ್ತೆ ಬರತೊಡಗಿದ್ದ ವರ್ಷ ಅದು. ನಾನು ಆಗ ಆ ಊರಿನ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್. ಇಳಕಲ್ಲಿನಲ್ಲಿ ಹುಟ್ಟಿದವನಿಗೆ ಬಾದಾಮಿ ಪರಸ್ಥಳವೇನಲ್ಲ. ಆದರೂ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದೆ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದ ಹಿರಿಯರೆಲ್ಲ ತೀರಿಹೋಗಿದ್ದರಿಂದ ಆ ಕಾಟವೂ ಉಳಿದಿರಲಿಲ್ಲ. ಹಗಲು ಎಮ್ಮೆ, ಕುರಿ, ಎತ್ತುಗಳ ನಡುವೆ ಹೋಗುತ್ತಿತ್ತು. ಸಂಜೆ ಖಾನಾವಳಿಯಲ್ಲಿ ರೊಟ್ಟಿ ತಿಂದು ಬಂದು ಬಾಗಿಲು ಹಾಕಿಕೊಂಡರೆ, ಬೆಳಗಾಗುವವರೆಗೆ ಮಾತಾಡಲು ಕಾರಣವೇ ಇರುತ್ತಿರಲಿಲ್ಲ.

ಬೀರಪ್ಪ ಗುಹೆಗಳ ಹತ್ತಿರ ಗೈಡ್ ಆಗಿದ್ದ. ಚೊಳಚಗುಡ್ಡದ ಕುರಿಗಾರರ ಮನೆತನ. ಮನೆದೇವರ ಹೆಸರನ್ನೇ ಇವನಿಗೆ ಇಟ್ಟಿದ್ದರು. ಹುಡುಗನಿದ್ದಾಗ ಕುರಿ ಕಾದವನು, ಆಮೇಲೆ ಪ್ರವಾಸಿಗರಿಂದಲೇ ಹಿಂದಿ, ಇಂಗ್ಲಿಷ್ ಕಲಿತು ಈ ಕೆಲಸಕ್ಕೆ ಬಂದಿದ್ದ. ಮಕ್ಕಳಿರಲಿಲ್ಲ. ಹೆಂಡತಿ ಕೊರೊನಾದಲ್ಲಿ ಹೋದಳು. ಅದಾದ ಮೇಲೆ ಅವನ ಅಣ್ಣ ತನ್ನ ಹಿಂಡಿನಲ್ಲಿದ್ದ ಮುಧೋಳ ನಾಯಿಯೊಂದನ್ನು ತಂದು ಇವನ ಬಾಗಿಲಲ್ಲಿ ಬಿಟ್ಟು ಹೋಗಿದ್ದ. ಕೆಂಪು ಮೈಬಣ್ಣದ, ಸಣ್ಣ ನಡುವಿನ ಹೆಣ್ಣು ನಾಯಿ. ಹೆಸರು ಕೆಂಚಿ.

ಹೊಲದಲ್ಲಿ ಬೆಳೆದ ನಾಯಿಗೆ ಕೊರಳಿಗೆ ಹಗ್ಗ ಎಂದರೇನೆಂದೇ ಗೊತ್ತಿರಲಿಲ್ಲ. ಊರಲ್ಲಿ ಬಿಡುವಂತಿಲ್ಲ: ರಸ್ತೆಯ ಮೇಲೆ ಬಸ್ಸು, ಟಂಟಂ, ಕೆರೆ ದಂಡೆಗೆ ಹೋದರೆ ಮಂಗಗಳ ದಂಡು. ಕಟ್ಟಿಹಾಕಿದರೆ ಅನ್ನ ಮುಟ್ಟುತ್ತಿರಲಿಲ್ಲ. ಕೊನೆಗೆ ಬೀರಪ್ಪ ಬಾಗಲಕೋಟೆಗೆ ಹೋಗಿ ರಿಟ್ರ್ಯಾಕ್ಟಬಲ್ ಲೀಶ್ ತಂದ. ಮುಷ್ಟಿ ಗಾತ್ರದ ಪ್ಲಾಸ್ಟಿಕ್ ಹಿಡಿಕೆ, ಅದರೊಳಗೆ ಸ್ಪ್ರಿಂಗು, ಸ್ಪ್ರಿಂಗಿಗೆ ಸುತ್ತಿದ ತೆಳು ನೈಲಾನ್ ದಾರ. ನಾಯಿ ಮುಂದೆ ಓಡಿದರೆ ದಾರ ಬಿಚ್ಚಿಕೊಳ್ಳುತ್ತದೆ, ಹಿಂದೆ ಬಂದರೆ ತಾನೇ ಸುತ್ತಿಕೊಳ್ಳುತ್ತದೆ, ಬಟನ್ ಒತ್ತಿದರೆ ಇದ್ದಲ್ಲೇ ಲಾಕ್ ಆಗುತ್ತದೆ. ನಮ್ಮ ಕಾಂಪೌಂಡರ್ ಅದನ್ನು ನೋಡಿ ‘ಸ್ಪ್ರಿಂಗ್ ಹಗ್ಗ’ ಎಂದು ನಾಮಕರಣ ಮಾಡಿದ.

“ಬಿಟ್ಟಂಗೂ ಆತು, ಕಟ್ಟಿದಂಗೂ ಆತು ನೋಡ್ರಿ ಸಾಹೇಬ್ರ,” ಎಂದು ಬೀರಪ್ಪ ನನಗೆ ತೋರಿಸಿ ಹಿಗ್ಗಿದ. ಪೇಟೆಯ ಶೋಕಿ ಸಾಮಾನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಆದರೆ ಆ ನಾಯಿ ದಾರದ ತುದಿಯಲ್ಲಿ ಪೊದೆ ಪೊದೆ ಮೂಸುತ್ತ, ತನ್ನ ಇಷ್ಟದಂತೆ ತಿರುಗುವುದನ್ನು ನೋಡಿ ಬೈಯಲು ಮನಸ್ಸಾಗಲಿಲ್ಲ. ಎರಡು ಮಾತು ಹೇಳಿದೆ. ಮುಧೋಳ ನಾಯಿ ಕ್ಷಣದಲ್ಲಿ ವೇಗ ಹಿಡಿಯುವ ಜಾತಿ, ದಾರ ಮುಗಿದಾಗ ಕುತ್ತಿಗೆಗೆ ಜಗ್ಗು ಬೀಳುತ್ತದೆ, ಆದ್ದರಿಂದ ಕೊರಳಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತಾ ಎಂದೆ. ಏನೇ ಆದರೂ ಹಿಡಿಕೆ ಹಿಡಿ, ದಾರ ಮಾತ್ರ ಮುಟ್ಟಬೇಡ ಎಂದೆ. ಹೂಂ ಅಂದ. ಬಾಯಿ ಹೂಂ ಅಂದಿತು, ಕೈಗೆ ಯಾರು ಹೇಳಬೇಕು?

ಚಳಿಗಾಲದ ಒಂದು ಬೆಳಿಗ್ಗೆ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಬೀರಪ್ಪ, ಕೆಂಚಿ ಇಬ್ಬರೂ ನಡೆಯುತ್ತಿದ್ದಾಗ ಗೋಡೆಯ ಮೇಲಿಂದ ಮಂಗವೊಂದು ಎದುರಿಗೇ ಹಾರಿತು. ಕೆಂಚಿ ನೆಗೆದಳು. ಬೀರಪ್ಪನ ಹೆಬ್ಬೆರಳು ಬಟನ್ ಹುಡುಕುವಷ್ಟರಲ್ಲಿ ದಾರ ಮುಗಿದಿತ್ತು. ಜಗ್ಗಿಗೆ ಹಿಡಿಕೆ ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ಇಂಥ ಲೀಶಿನ ದೊಡ್ಡ ದೋಷ ಇದೇ: ಕೈಬಿಟ್ಟ ಹಿಡಿಕೆ ಕಲ್ಲಿನ ಮೇಲೆ ಸದ್ದು ಮಾಡುತ್ತ ನಾಯಿಯ ಹಿಂದೆಯೇ ಓಡಿಬರುತ್ತದೆ. ತನ್ನನ್ನು ಏನೋ ಅಟ್ಟಿಸಿಕೊಂಡು ಬರುತ್ತಿದೆ ಎಂದು ನಾಯಿ ಇನ್ನಷ್ಟು ಹೆದರುತ್ತದೆ. ಕೆಂಚಿ ಗಾಬರಿಯಾಗಿ ತಿರುಗಿ, ಬೀರಪ್ಪನ ಪಕ್ಕದಿಂದಲೇ ರಸ್ತೆಯ ಕಡೆ ಓಡಿದಳು.

ಆಗ ಅವನು ಮಾಡಿದ್ದು ಕುರಿಗಾರನೊಬ್ಬ ಮಾತ್ರ ಮಾಡುವ ಕೆಲಸ. ನಮ್ಮ ಕಡೆ ಟಗರಾಗಲಿ ಹೋರಿಯಾಗಲಿ ಕೈತಪ್ಪಿ ಓಡಿದರೆ, ಎಳೆದುಕೊಂಡು ಹೋಗುತ್ತಿರುವ ಹಗ್ಗವನ್ನು ಬಾಗಿ ಹಿಡಿದು ಅಂಗೈಗೆ ಒಂದು ಸುತ್ತು ಹಾಕಿಕೊಂಡು ನಿಂತುಬಿಡುತ್ತಾರೆ. ದಪ್ಪ ಹಗ್ಗಕ್ಕೆ ಅದು ಸರಿ. ಬೀರಪ್ಪ ಹಾಗೆಯೇ ಬಾಗಿದ, ಹಿಡಿದ, ಸುತ್ತಿಕೊಂಡ. ನೈಲಾನ್ ದಾರ ಎಲುಬು ಕಾಣುವವರೆಗೆ ಬೆರಳು ಕೊಯ್ದಿತು. ಆದರೂ ಬಿಡಲಿಲ್ಲ. ಕೆಂಚಿ ರಸ್ತೆಯ ಅಂಚಿನಲ್ಲಿ ನಿಂತಳು.

ನಾನು ಆಸ್ಪತ್ರೆಯ ಬಾಗಿಲು ತೆಗೆಸುತ್ತಿದ್ದಾಗ ಆಟೋ ಬಂತು. ಒಳಗೆ ಬೀರಪ್ಪ, ಅವನ ತೊಡೆಯ ಮೇಲೆ ನಾಯಿ. ಬಲಗೈಗೆ ಸುತ್ತಿದ ಟವೆಲ್ಲು ಕೆಂಪಾಗಿ ತೊಟ್ಟಿಕ್ಕುತ್ತಿತ್ತು.

“ಕೆಂಚಿ ಕುತ್ತಿಗಿ ಎತ್ತವಲ್ಲಳ್ರಿ. ಮೊದಲ ಇಕಿನ್ನ ನೋಡ್ರಿ.”

“ನಿನ್ನ ಕೈ ತೋರ್ಸು.”

“ಕೈ ಇರ್ಲಿ ಬಿಡ್ರಿ.”

ಟವೆಲ್ಲು ಬಿಚ್ಚಿಸಿದೆ. ತೋರುಬೆರಳು ಮಡಚಲು ಬರುತ್ತಿರಲಿಲ್ಲ. ಬೆರಳನ್ನು ಎಳೆಯುವ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಎಳೆ, ಕತ್ತರಿಸಿಹೋಗಿತ್ತು. ನಡುಬೆರಳಿನ ತುದಿ ತಣ್ಣಗೆ, ನೀಲಿಗಟ್ಟಿತ್ತು. ನಾನು ದನದ ಡಾಕ್ಟರಾದರೂ ರಕ್ತ ಹರಿಯದ ಬೆರಳನ್ನು ಗುರುತಿಸಬಲ್ಲೆ. ತಡಮಾಡದೆ ಬಾಗಲಕೋಟೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಎರಡೂ ಬೆರಳು ಹೋಗುತ್ತವೆ ಎಂದು ಬಿಡಿಸಿ ಹೇಳಿದೆ. ಒತ್ತಿ ಬ್ಯಾಂಡೇಜ್ ಕಟ್ಟಿದೆ. ಆಟೋದವನನ್ನು ನಿಲ್ಲಿಸಿದೆ. ಬೀರಪ್ಪ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ.

“ನಾ ದವಾಖಾನಿಯೊಳಗ ಮಲಗಿದ್ರ ಇಕಿನ್ನ ಹಿಡ್ಕೊಳ್ಳೋರು ಯಾರ್ರಿ?”

ಅಣ್ಣ ಹಿಂಡಿನ ಜೊತೆ ಹುನಗುಂದದ ಕಡೆಯ ಎರೆ ಹೊಲಗಳಲ್ಲಿದ್ದ, ಫೋನು ಹತ್ತುತ್ತಿರಲಿಲ್ಲ. ನೆರೆಯವರಿಗೆ ಮುಧೋಳ ನಾಯಿ ಎಂದರೆ ಭಯ. ಒಬ್ಬೊಬ್ಬರ ಹೆಸರನ್ನೂ ಅವನೇ ಎತ್ತಿ ಅವನೇ ಬಿಡುತ್ತಿದ್ದ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ನಾನೇ ಹೀಗೆ ಕೂತು ಎಣಿಸಿದರೆ ನನಗೆ ಅಷ್ಟು ಹೆಸರೂ ಸಿಗುವುದಿಲ್ಲ.

“ನನ್ನ ಹತ್ರ ಬಿಡು,” ಎಂದೆ.

“ನೀವು ಕ್ಯಾಂಪಿಗೆ ಹ್ವಾದ್ರ?”

“ಜೀಪಿನ್ಯಾಗ ಕರ್ಕೊಂಡ ಹೋಗ್ತೇನಿ. ಏಳು ಇನ್ನ.”

ಅವನು ನಾಯಿಯ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಕಾಂಪೌಂಡರನನ್ನು ಜೊತೆಗೆ ಕಳಿಸಿದೆ.

ಕೆಂಚಿಯ ಕುತ್ತಿಗೆಯ ಮೂಳೆಗೆ ಏನೂ ಆಗಿರಲಿಲ್ಲ, ಸ್ನಾಯು ಉಳುಕಿತ್ತು. ಗಂಟಲು ಒತ್ತಿದ್ದಕ್ಕೆ ಕೆಮ್ಮು ಇತ್ತು. ಬಾವು ಇಳಿಯಲು ಇಂಜೆಕ್ಷನ್ ಕೊಟ್ಟೆ, ಕೊರಳಪಟ್ಟಿ ತೆಗೆದು ಹಾರ್ನೆಸ್ ತರಿಸಿದೆ. ಮೊದಲ ದಿನ ಅವಳು ನನ್ನ ಕ್ವಾರ್ಟರ್ಸಿನ ಬಾಗಿಲಿಗೆ ಮುಖ ಮಾಡಿ ಕೂತಳು. ಹಾಲಿಗೆ ರೊಟ್ಟಿ ಮುರಿದು ಹಾಕಿದರೂ ಮೂಸಲಿಲ್ಲ. “ತಿನ್ನವಾ, ನಾಳೆ ನಾಡಿದ್ದು ಬರ್ತಾನ,” ಎಂದು ರಮಿಸಿದೆ. ಆ ಮನೆಯಲ್ಲಿ ಸಂಜೆ ಹೊತ್ತು ನಾನು ಬಾಯಿ ತೆರೆದದ್ದು ಎಷ್ಟು ದಿನದ ಮೇಲೋ. ಆಮೇಲೆ ಅಭ್ಯಾಸವಾಯಿತು. ಬೆಳಗಿನ ಕೇಸು, ಮೇಲಧಿಕಾರಿಯ ಫೋನು, ಮೊಣಕಾಲು ನೋವು ಎಲ್ಲವನ್ನೂ ಅವಳಿಗೆ ವರದಿ ಒಪ್ಪಿಸುತ್ತಿದ್ದೆ. ಕಿವಿ ನಿಮಿರಿಸಿ ಕೇಳುತ್ತಿದ್ದಳು. ಬದುಕಿನಲ್ಲಿ ಇದೊಂದು ನನಗೆ ತಪ್ಪಿಹೋಗಿತ್ತು ಎಂದು ಮೊದಲ ಸಲ ಸಂಕಟವಾಯಿತು.

ಕೆಮ್ಮು ನಿಂತ ಮೇಲೆ ಸ್ಪ್ರಿಂಗ್ ಹಗ್ಗವನ್ನು ನಾನೇ ಹಿಡಿದು ನೋಡಿದೆ. ರಸ್ತೆಯಲ್ಲಿ ಅದು ಅಪಾಯವೇ. ದಾರ ಬೇರೆಯವರ ಕಾಲಿಗೆ ಸುತ್ತಿಕೊಳ್ಳುತ್ತದೆ, ಗಾಡಿ ಬಂದಾಗ ನಾಯಿಯನ್ನು ಬೇಗ ಹತ್ತಿರ ಎಳೆಯಲಾಗುವುದಿಲ್ಲ. ದಾರ ಸದಾ ಬಿಗಿಯಾಗಿರುವುದರಿಂದ ಜಗ್ಗಿದರೆ ಜಾಗ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ. ರಸ್ತೆಗೆ ಗಿಡ್ಡ ಪಟ್ಟಿಯೇ ಸರಿ. ಆದರೆ ಸ್ಟೇಷನ್ ದಾರಿಯಾಚೆ ಬೀಳುಹೊಲಕ್ಕೆ ಹೋಗಿ, ಹಾರ್ನೆಸ್ಸಿಗೆ ಸಿಕ್ಕಿಸಿ ಬಟನ್ ಬಿಟ್ಟರೆ, ಮೊಣಕಾಲು ನೋವಿನವನು ನಿಂತಲ್ಲೇ ನಿಲ್ಲಬಹುದು, ನಾಯಿ ತನ್ನ ಲೋಕ ಸುತ್ತಿ ಬರಬಹುದು. ತೆಳು ದಾರದ ಬದಲು ಅಗಲ ಪಟ್ಟಿ ಇರುವ ಸ್ಪ್ರಿಂಗ್ ಹಗ್ಗವಾದರೆ ಕೈಗೆ ಕ್ಷೇಮ. ವಸ್ತು ಕೆಟ್ಟದ್ದಲ್ಲ, ಜಾಗ ನೋಡಿ ಬಳಸಬೇಕು.

ಆಪರೇಷನ್ ಮುಗಿಸಿ ಕೆಲವು ದಿನಗಳ ಮೇಲೆ ಬೀರಪ್ಪ ಬಸ್ಸಿಳಿದವನು ಮನೆಗೂ ಹೋಗದೆ ನೇರ ನನ್ನ ಬಾಗಿಲಿಗೆ ಬಂದ. ತೋರುಬೆರಳು ಉಳಿದಿತ್ತು, ಪೂರ್ತಿ ಮಡಚುವುದಿಲ್ಲ. ನಡುಬೆರಳಿನ ತುದಿ ಹೋಗಿತ್ತು. ಕೆಂಚಿ ಅವನ ಎದೆಗೆ ಹಾರಿ, ಬ್ಯಾಂಡೇಜ್ ಮೂಸಿ, ಕೂಗಾಡಿ ರಂಪ ಮಾಡಿದಳು. ನಾನು ಹಗ್ಗ ಅವನ ಎಡಗೈಗೆ ಕೊಟ್ಟೆ. ಗೇಟು ದಾಟುವಾಗ ಅವಳು ತಿರುಗಿ ನೋಡಲಿಲ್ಲ, ನಾಯಿ ಅಂದಮೇಲೆ ಹಾಗೇ ಇರಬೇಕು. ಅಂದು ಸಂಜೆ ಖಾನಾವಳಿಗೆ ಹೋಗಲಿಲ್ಲ. ಕತ್ತಲಾದರೂ ದೀಪ ಹಾಕದೆ ಕೂತಿದ್ದೆ. ಅಳು ಬಂತು.

ಆ ಕೇಸಿನ ನಂತರ ನನ್ನ ಕೆಲಸದ ರೀತಿಯಲ್ಲಿ ಒಂದು ಬದಲಾವಣೆ ಆಯಿತು. ಪ್ರಾಣಿಯನ್ನು ತಂದವರಿಗೆ ವಯಸ್ಸು, ಮೇವು, ಲಸಿಕೆ ಕೇಳುವುದು ಪದ್ಧತಿ. ನಾನು ಇನ್ನೊಂದು ಸೇರಿಸಿದೆ: ನಿಮಗೆ ಆರಾಮ ತಪ್ಪಿದರೆ ಇದನ್ನು ನೋಡಿಕೊಳ್ಳುವವರು ಯಾರು? ಹೇಳಿದ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹಲವರು ನಗುತ್ತಿದ್ದರು. ಕೆಲವರು ಸುಮ್ಮನಾಗುತ್ತಿದ್ದರು. ಸುಮ್ಮನಾದವರ ಪ್ರಾಣಿಯನ್ನಷ್ಟೇ ನೋಡಿದರೆ ಸಾಲದು, ಅವರನ್ನೂ ಸ್ವಲ್ಪ ಹೊತ್ತು ಕೂರಿಸಿಕೊಂಡು ಮಾತಾಡಿಸಬೇಕು. ಪಶುವೈದ್ಯಕೀಯ ನನಗೆ ಕಲಿಸಿದ ಕೊನೆಯ ಪಾಠ ಅದು.

ನಾನು ನಿವೃತ್ತನಾಗುವ ವಾರ ಬೀರಪ್ಪ ಕೆಂಚಿಗೆ ರೇಬೀಸ್ ಲಸಿಕೆ ಹಾಕಿಸಲು ಬಂದ. ರೂಢಿಯಂತೆ ಅವನಿಗೂ ಅದನ್ನೇ ಕೇಳಿದೆ.

“ನೀವು ಅದೀರಲ್ರಿ,” ಎಂದು ನಕ್ಕ. ಮರುಕ್ಷಣ ನಗು ನಿಲ್ಲಿಸಿ ಕೇಳಿದ: “ಮತ್ತ ನಿಮಗ ಆರಾಮ ತಪ್ಪಿದ್ರ ಯಾರು ನೋಡ್ಕೋತಾರ್ರಿ, ಸಾಹೇಬ್ರ?”

ಲಸಿಕೆಯ ಸೀಸೆ ಅಲ್ಲಾಡಿಸಿ ಸಿರಿಂಜಿಗೆ ಎಳೆದುಕೊಂಡೆ.

“ಯಾರೂ ಇಲ್ಲಪಾ,” ಎಂದೆ. ಆ ಮಾತನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಹಂಗಾರ ನನ್ನ ಹೆಸರು ಬರ್ಕೋರಿ.”

ಬರೆದುಕೊಂಡೆ.