ಪ್ರಾರ್ಥನೆಗೆ ಹೋದ ಗಂಡಂದಿರು

ಇಲ್ಲ, ಎಂಟು ದಿನವಲ್ಲ, ಒಂಬತ್ತಿರಬೇಕು. ಆದರೆ ನನ್ನ ನೆನಪು ಎಂಟೆಂದೇ ಹಟ ಹಿಡಿದು ಕೂತಿದೆ. ಅದನ್ನು ನಾನು ನಂಬುವುದಿಲ್ಲ. ಬೇರೆ ಸಾಕ್ಷಿ ಉಳಿದಿಲ್ಲವಾದ್ದರಿಂದ ಎಂಟೆಂದೇ ಬರೆಯುತ್ತೇನೆ.

ಮೂವತ್ತರ ದಶಕದ ಕೊನೆಗೆ ನಾವು ಗೊಬ್ಬೂರಿನಲ್ಲಿದ್ದೆವು. ಗಂಡ ಮಿಷನ್ ಶಾಲೆಯ ಮಾಸ್ತರ. ಮೂರನೆಯ ಹೆರಿಗೆಯಲ್ಲಿ ನಾನು ಸಾವಿನ ಹೊಸ್ತಿಲು ಮುಟ್ಟಿ ಬಂದಿದ್ದೆ. ಅಫಜಲಪುರದಿಂದ ಬಂದ ನರ್ಸಬಾಯಿ, "ಇನ್ನೊಂದ್ ಹಡದ್ರ ನೀ ಉಳಿಯಂಗಿಲ್ಲ ಬೇ" ಎಂದು ಗದರಿಸಿ ಎರಡು ದಾರಿ ಹೇಳಿದಳು. ಒಂದು, ಶಹರದಿಂದ ತರಿಸುವ ರಬ್ಬರಿನ ಚೀಲ. ಇನ್ನೊಂದು, ಮುಟ್ಟಿನ ದಿನದಿಂದ ಎಣಿಸುತ್ತ ಬಂದು, ತಿಂಗಳ ನಡುವಿನ ಎಂಟು ದಿನ ದೂರ ಮಲಗುವುದು.

ನಾವು ಪಾದ್ರಿಯವರನ್ನು ಕೇಳದೆ ಎಮ್ಮೆಯನ್ನೂ ಕೊಳ್ಳುತ್ತಿರಲಿಲ್ಲ. ಇದನ್ನೂ ಕೇಳಿದೆವು.

"ರಬ್ಬರ್ ಬ್ಯಾಡ ತಂಗಿ. ಅದು ದೇವರ ಕೈ ಹಿಡದು ನಿಲ್ಲಿಸಿದಂಗ. ದಿನಾ ಎಣಿಸ್ರಿ, ಸಂಯಮ ಆಗ್ತದ."

"ಎಣಿಸೋದು ದೇವರ ಕಣ್ಣು ತಪ್ಪಿಸಿದಂಗ ಅಲ್ಲೇನ್ರಿ?"

ಪಾದ್ರಿ ಬಸಿಗೆ ಚಹಾ ಸುರಿದುಕೊಂಡು ಬಹಳ ಹೊತ್ತು ಊದಿದರು. "ದಿನಗೋಳ್ನ ದೇವ್ರು ಮಾಡ್ಯಾನ. ರಬ್ಬರ್ ಕಾರ್ಖಾನಿದಾಂವ ಮಾಡ್ಯಾನ."

"ಹಂಗಾದ್ರ ನಿಮ್ಮ ಚಸ್ಮಾ ಯಾರು ಮಾಡ್ಯಾರ್ರಿ?"

ಇದನ್ನು ನಾನು ನಿಜವಾಗಿ ಕೇಳಿದೆನೋ, ಮನೆಗೆ ಬರುವ ದಾರಿಯಲ್ಲಿ ಹೊಳೆದದ್ದನ್ನು ಈಗ ಅಲ್ಲಿ ತುರುಕುತ್ತಿದ್ದೇನೋ. ಅಂತೂ ಎಣಿಕೆ ಗೆದ್ದಿತು.

ನಮ್ಮದು ಒಂದೇ ಅಂಕಣದ ಮನೆ. ಅತ್ತೆ, ಮೂರು ಮಕ್ಕಳು. ದೂರ ಎಂದರೆ ಎಲ್ಲಿ? ಗಂಡ ಕಂಬಳಿ ಹೊತ್ತು ಪ್ರಾರ್ಥನಾ ಮಂದಿರಕ್ಕೆ ಹೋದರು. ಅತ್ತೆ ಕೇಳಿದ್ದಕ್ಕೆ "ಪ್ರಾರ್ಥನಿ ಮಾಡಾಕ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಹೇಳಿದ ತಪ್ಪಿಗೆ ನಿಜವಾಗಿಯೂ, ಓಣಿಗೆಲ್ಲ ಕೇಳುವಂತೆ, ಪ್ರಾರ್ಥಿಸಿದರು.

ಬಾವಿಕಟ್ಟೆಯಲ್ಲಿ ನಮ್ಮ ಕ್ರೈಸ್ತ ಸಭೆಯ ಹೆಂಗಸರು ಬಾಯಿ ಬಿಡಿಸಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮರುತಿಂಗಳು ನನ್ನ ಗಂಡನ ಜೊತೆ ಇನ್ನೂ ಐವರು ಗಂಡಸರು ಕಂಬಳಿ ಹೊತ್ತು ಮಂದಿರಕ್ಕೆ ಬಂದರು. ಅದೂ ನನ್ನ ಎಂಟು ದಿನಕ್ಕೇ!

"ನಿಮ್ಮ ನಿಮ್ಮ ದಿನಾ ಎಣಿಸ್ಬೇಕ್ರೇ!" ಎಂದು ಅವರ ಹೆಂಡಂದಿರನ್ನು ಬೇಡಿಕೊಂಡೆ.

ಪಕ್ಕದ ಮನೆಯವಳು ಸೊಂಟಕ್ಕೆ ಕೈ ಇಟ್ಟಳು. "ರಂಜಾನ್ ಊರಿಗೆಲ್ಲಾ ಒಂದೇ. ಶ್ರಾವಣ ಊರಿಗೆಲ್ಲಾ ಒಂದೇ. ಈಸ್ಟರ್ ಮುಂದಿನ ಉಪಾಸ ನಮಗೆಲ್ಲಾ ಒಂದೇ. ಇದೊಂದ ಮನಿಗೊಂದಾ? ನೀ ಮಾಸ್ತರನ ಹೇಣ್ತಿ ಅಂತ ದೊಡ್ಡಸ್ತಿಕಿ ಮಾಡಬ್ಯಾಡ ಬೇ!"

ಪಾದ್ರಿಯವರಿಗಂತೂ ಆನಂದ. ಭಾನುವಾರದ ಆರಾಧನೆಯಲ್ಲಿ ಸಾರಿಯೇಬಿಟ್ಟರು: ಇನ್ನು ಪ್ರತಿ ತಿಂಗಳು ಹತ್ತರಿಂದ ಹದಿನೇಳರ ತನಕ ಪುರುಷರ ಪ್ರಾರ್ಥನೆ, ಮುಂದಾಳು ನಮ್ಮ ಮಾಸ್ತರ.

ನನ್ನ ದೇಹ ಆ ಪ್ರಕಟಣೆಗೆ ಕಿವಿಗೊಡಲಿಲ್ಲ. ಪ್ರತಿ ತಿಂಗಳೂ ಒಂದೆರಡು ದಿನ ಜಾರುತ್ತ ಹೋಯಿತು. ಕೊನೆಗೆ ಗಂಡನಿಗೆ ಪಾದ್ರಿಯವರ ಎಂಟು ದಿನ ಬೇರೆ, ನನ್ನ ಎಂಟು ದಿನ ಬೇರೆ, ಎರಡೂ ಸೇರಿ ಹದಿನಾರು ರಾತ್ರಿ ಮಂದಿರ.

"ಇದು ಲಗ್ನನೋ ಸನ್ಯಾಸನೋ?" ಎಂದರು ಕಂಬಳಿ ಜಾಡಿಸುತ್ತ.

"ದೇವರನ್ನ ಕೇಳ್ರಿ. ದಿನಾ ಅಲ್ಲೇ ಇರ್ತೀರಲ್ಲ."

ಮುಂದಿನ ವರ್ಷ ಆ ಐದು ಮನೆಗಳಲ್ಲಿ ನಾಲ್ಕು ಕೂಸುಗಳ ದೀಕ್ಷಾಸ್ನಾನವಾಯಿತು. ಪಾದ್ರಿ ಅದನ್ನು ಪ್ರಾರ್ಥನೆಯ ಫಲ ಎಂದರು. ನಾಲ್ವರು ತಾಯಂದಿರು ಕೂಸು ಎತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು. ಒಬ್ಬಳಂತೂ "ನಿನ್ನ ಲೆಕ್ಕಕ್ಕ ಬೆಂಕಿ ಹತ್ತಲಿ" ಎಂದಳು. ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ನೀರಿಗೆ ಹೋದಳು.

ನಾನು ಮತ್ತೆ ಬಸಿರಾಗಲಿಲ್ಲ. ಬದುಕಿದೆ. ನನ್ನನ್ನು ಉಳಿಸಿದ್ದು ಎಣಿಕೆಯೋ, ಗಂಡ ಮನೆಯಲ್ಲೇ ಇರದಿದ್ದದ್ದೋ, ಮೂರನೆಯ ಹೆರಿಗೆಯಲ್ಲೇ ನನ್ನ ಗರ್ಭ ಮುಗಿದುಹೋಗಿತ್ತೋ ಗೊತ್ತಿಲ್ಲ. ಪಾದ್ರಿಯವರು ಚಸ್ಮಾದ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಎಂಬುದೂ ಗೊತ್ತಿಲ್ಲ.