ಲುವಾಂಗ್ ಪ್ರಬಾಂಗಿನಲ್ಲಿ ನನ್ನ ಎಡಗಾಲಿನ ಬೂಟು

ಹೋದ ಫೆಬ್ರುವರಿಯಲ್ಲಿ ನನ್ನ ಎಡಗಾಲಿನ ಬೂಟು ಲಾವೋಸ್ ದೇಶದಲ್ಲಿ ಕಳೆದುಹೋಯಿತು. ಬಲಗಾಲಿನದು ಉಳಿದಿತ್ತು. ಅದರಿಂದೇನು ಸುಖ?

(ಆ ಸೆಕೆಯ ದೇಶದಲ್ಲಿ ಹಿಮದ ಬೂಟು ಯಾಕೆ ಎನ್ನುವ ಜಾಣರಿಗೆ: ಅಂದು ನಾವು ಟೊರಾಂಟೊಗೆ ಮರಳುವವರಿದ್ದೆವು. ಸೂಟ್‌ಕೇಸಿನಲ್ಲಿ ಬೂಟಿನ ಜಾಗವನ್ನು ನನ್ನ ಹೆಂಡತಿ ಸುಶೀಲಾ ಕೊಂಡ ಕೈಮಗ್ಗದ ಬಟ್ಟೆ ಆಕ್ರಮಿಸಿತ್ತು. ಬೂಟು ಕಾಲಿಗೇ ಬಂತು.)

ಲುವಾಂಗ್ ಪ್ರಬಾಂಗ್ ಹಳೆಯ ರಾಜಧಾನಿ. ಒಂದು ಕಾಲಕ್ಕೆ ಫ್ರೆಂಚರು ಆಳಿದ ಊರು. ಎಷ್ಟೋ ಮನೆಗಳ ಕೆಳಗೆ ಫ್ರೆಂಚರ ಇಟ್ಟಿಗೆ ಗೋಡೆ, ಕಮಾನು. ಮೇಲೆ ಲಾವೋ ಜನರ ಮರದ ಮಹಡಿ, ಇಳಿಜಾರು ಮಾಡು. ಬೀಗರಿಬ್ಬರು ಒಂದೇ ಸೂರಿನಡಿ ತಕರಾರಿಲ್ಲದೆ ಕೂತಂತೆ. ಇಂಥದ್ದನ್ನು ಟೊರಾಂಟೊ ಪಕ್ಕದ ನಮ್ಮೂರು ಪಿಕರಿಂಗಿನ ಯಾವ ಬೇಸ್‌ಮೆಂಟಿನಲ್ಲಿ ಕಂಡಿದ್ದೀರಿ?

ಏರ್‌ಪೋರ್ಟಿನ ವ್ಯಾನು ಬರುವುದರೊಳಗೆ ಕೊನೆಯದೊಂದು ಬೌದ್ಧ ದೇಗುಲಕ್ಕೆ ಹೋದೆವು. ಒಳಹೊಗುವ ಮುನ್ನ, ಧಾರವಾಡದಲ್ಲಿ ಅಪ್ಪ ಉಪದೇಶಿಸಿದ ವಿಧಿಯನ್ನು ಶಾಸ್ತ್ರೋಕ್ತವಾಗಿ ಪೂರೈಸಿದೆ: ಬಲಗಾಲಿನ ಬೂಟು ಮೆಟ್ಟಿಲ ಬಳಿ, ಎಡಗಾಲಿನದು ದೂರದ ಮರದಡಿ. ಒಂಟಿ ಬೂಟನ್ನು ಯಾವ ಕಳ್ಳ ಮುಟ್ಟಿಯಾನು?

ಹೊರಬಂದರೆ ಮರದಡಿ ಬರೀ ಉದುರಿದ ಹೂವು.

"ಮಾವನವರ ಶಾಸ್ತ್ರಾ ಇಲ್ಲೀತನಕ ತಂದ್ರೇನ್ರಿ?" ಎಂದಳು ಸುಶೀಲಾ. "ಟೊರಾಂಟೊದಾಗ ಮೈನಸ್ ಇಪ್ಪತ್ತು ಅದ. ಪಾರ್ಕಿಂಗ್ ಲಾಟ್‌ನಾಗ ಕುಂಟಾಬಿಲ್ಲಿ ಆಡ್ತೀರೇನು?"

"ಸೂಟ್‌ಕೇಸಿನ್ಯಾಗ ಚಪ್ಪಲ್ ಅದಾವಲ್ಲ."

"ಹಾಕ್ಕೊಳ್ರಿ. ಬೆರಳು ಉದುರಿದ್ರ ಆರಿಸಿ ಕೊಡ್ತೀನಿ."

ವ್ಯಾನು ಹಾರನ್ ಹೊಡೆಯಿತು. ಒಂದೇ ಬೂಟು ತೊಟ್ಟು ಅಂಗಳವನ್ನೆಲ್ಲ ಸುತ್ತಿದೆ. ಗೋಡೆಯಾಚೆ ಬೀದಿಯಲ್ಲಿ, ನಾವು ಒಳಹೋಗುವಾಗ ದೇಗುಲದ ಬಾಗಿಲ ಬಳಿ ಹೂ ಮಾರುತ್ತಿದ್ದ ಅಜ್ಜಿ ಕಂಡಳು. ಕೈಯಲ್ಲಿ ನನ್ನ ಬೂಟು! ಎದುರಾದ ಪ್ರವಾಸಿಗಳ ಮುಖವನ್ನೂ ನೋಡದೆ, ಒಬ್ಬೊಬ್ಬರ ಕಾಲನ್ನೇ ಬಗ್ಗಿ ನೋಡುತ್ತ ಬರುತ್ತಿದ್ದಳು. ಪಾಪ, ಯಾರೋ ಒಂದು ಬೂಟು ಬೀಳಿಸಿಕೊಂಡು ಹೋಗಿದ್ದಾರೆಂದು ಮಾಲೀಕನನ್ನು ಹುಡುಕಲು ಹೊರಟವಳು!

ನನ್ನ ಬರಿಗಾಲು ಕಂಡದ್ದೇ ತಡ, ಬೊಚ್ಚುಬಾಯಿ ಅಗಲಿಸಿ ನಕ್ಕಳು. ನನಗೆ ಹೋದ ಜೀವ ಬಂತು. ಬೂಟು ಕೊಟ್ಟು, ಮರದ ಕಡೆ ಬೆರಳು ತೋರಿಸಿ, ಕೈ ತಿರುವಿದಳು. ಇದು ಅಲ್ಲಿಗೆ ಹೇಗೆ ಹೋಯಿತಪ್ಪಾ, ಎನ್ನುವಂತೆ.

ನನಗೆ ಲಾವೋ ಭಾಷೆ ಬರುವುದಿಲ್ಲ. ದೇವರು ದೊಡ್ಡವನು. ಬಂದಿದ್ದರೆ ಏನೆನ್ನಬೇಕಿತ್ತು? 'ಅಜ್ಜೀ, ನಿನಗೆ ಹೆದರಿಯೇ ಅಲ್ಲಿಟ್ಟಿದ್ದೆ' ಎಂದೇ?

ಟೊರಾಂಟೊದಲ್ಲಿ ಹತ್ತೂ ಬೆರಳುಗಳೊಂದಿಗೆ ಇಳಿದೆ.

ಕಳೆದ ಭಾನುವಾರ ವುಡ್‌ಬ್ರಿಡ್ಜಿನ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಜ್ಜಿಯನ್ನು ನೆನೆದು, ಬಾಗಿಲಲ್ಲಿ ಎರಡೂ ಬೂಟುಗಳನ್ನು ಪಕ್ಕಪಕ್ಕದಲ್ಲೇ ಬಿಟ್ಟೆ. ಕಥೆಯ ಐದೂ ಅಧ್ಯಾಯ ಮುಗಿಯುವವರೆಗೆ ನನ್ನ ಕಣ್ಣು ಬಾಗಿಲ ಮೇಲೇ.

ಬೂಟನ್ನು ಒಂದೆಡೆ ಇಟ್ಟರೆ ಭಕ್ತಿ ಎರಡು ಕಡೆ ಹೋಗುತ್ತದಲ್ಲ, ಇದಕ್ಕೆ ಯಾವ ಶಾಸ್ತ್ರ?